ದೊಡ್ಡಮ್ಮನಿಗೊಂದು ಕತ್ತಲೆ

ನಮ್ಮ ಹವಳಮನೆಯಲ್ಲಿ ಸೂರ್ಯ ಮುಳುಗುವುದು ಮಧ್ಯಾಹ್ನದ ಊಟ ಮುಗಿಸಿ ಡಬ್ಬಿ ತೊಳೆದಿಟ್ಟ ಮೇಲೆ. ಒಳಕೋಣೆಯ ಗಾಜಿನ ತೊಟ್ಟಿಯ ಮೇಲೆ ತೂಗುಬಿಟ್ಟ ದೀಪಗಳು ಮೊದಲು ಹಳದಿಗೆ, ಆಮೇಲೆ ಮಂಕು ನೀಲಿಗೆ ತಿರುಗಿ, ಕೊನೆಗೆ ಒಂದೊಂದಾಗಿ ಆರುತ್ತವೆ. ಹೊರಗೆ ರಸ್ತೆಯಲ್ಲಿ ಬಿಸಿಲು ಬಡಿಯುತ್ತಿರುತ್ತದೆ. ಎದುರಿನ ಸೈಕಲ್ ಅಂಗಡಿಯವನು ಟೈರಿಗೆ ಗಾಳಿ ಹೊಡೆಯುತ್ತಿರುತ್ತಾನೆ. ಒಳಗೆ ನಾವು ಪಿಸುಮಾತಾಡುತ್ತ ಬೆಕ್ಕಿನ ಹೆಜ್ಜೆ ಇಡುತ್ತೇವೆ. ಉಪ್ಪುನೀರು ಕಲಸುವ, ಪಂಪು ರಿಪೇರಿ ಮಾಡುವ ಉಪ್ಪಣ್ಣ ದಿನವೂ ಅದೇ ಹೊತ್ತಿಗೆ ತೊಟ್ಟಿಯ ಕಡೆ ತಿರುಗಿ, "ಸರಿ ತಾಯಂದಿರಾ, ಮಲಗ್ಕೊಳ್ಳಿ" ಎಂದು ಹೇಳಿ ತಾನು ಚಹಾ ಕುಡಿಯಲು ಹೋಗುತ್ತಾನೆ.

ಹಗಲುರಾತ್ರಿಯನ್ನು ಹೀಗೆ ತಲೆಕೆಳಗು ಮಾಡಿದವಳು ನನ್ನ ಸೋದರತ್ತೆ. ಹವಳ ಮೊಟ್ಟೆ ಬಿಡುವುದು ವರ್ಷಕ್ಕೊಮ್ಮೆ, ಅದೂ ಕತ್ತಲಲ್ಲಿ. ಅದಕ್ಕಾಗಿ ನಾವು ನಿದ್ದೆಗೆಡುವ ಬದಲು ರಾತ್ರಿಯನ್ನೇ ಮಧ್ಯಾಹ್ನಕ್ಕೆ ಕರೆಸಿಕೊಂಡರಾಯಿತು ಎಂಬುದು ಅವಳ ಲೆಕ್ಕ. ಹಿಂದೆ ಐಸ್ ಫ್ಯಾಕ್ಟರಿಯಾಗಿದ್ದ ಈ ಕಟ್ಟಡಕ್ಕೆ ದಪ್ಪ ಗೋಡೆ. ಒಳಕೋಣೆಗೆ ಕಿಟಕಿಯೇ ಇಲ್ಲ. ಬಾಗಿಲಿಗೆ ಎರಡು ಪದರ ಕಪ್ಪು ಪರದೆ. ಸೂರ್ಯನೂ ನಮ್ಮದೇ, ಚಂದ್ರನೂ ನಮ್ಮದೇ. ಚಂದ್ರ ಅಂದರೆ ಅಂಗೈಯಗಲದ ಒಂದು ದೀಪ. ಟೈಮರ್ ಅದನ್ನು ದಿನದಿನವೂ ಅಷ್ಟಷ್ಟೇ ಬೆಳೆಸುತ್ತದೆ, ಅಷ್ಟಷ್ಟೇ ಕರಗಿಸುತ್ತದೆ.

ಅಜ್ಜಿಗೆ ಇದನ್ನು ಮೊದಲ ಸಲ ಹೇಳಿದಾಗ ಅವಳು ಬೊಚ್ಚು ಬಾಯಿ ತೆರೆದು ನಕ್ಕಿದ್ದಳು. "ಚಂದ್ರನಿಗೂ ಸ್ವಿಚ್ಚಾ? ನಿಮ್ಮತ್ತೆ ಚಿಕ್ಕೋಳಿದ್ದಾಗ್ಲೂ ಹೀಗೇ. ಊಟಕ್ಕೆ ಕರೆದ್ರೆ ಬರ್ತಿರ್ಲಿಲ್ಲ. ಊಟಾನೇ ಎದ್ದು ಅವಳ ಹತ್ರ ಹೋಗ್ಬೇಕಿತ್ತು."

ಆ ತೊಟ್ಟಿಯಲ್ಲಿ ಇದ್ದವರು ದೊಡ್ಡಮ್ಮ ಮತ್ತು ಚಿಕ್ಕಮ್ಮ. ಹೆಸರಿಟ್ಟದ್ದು ಉಪ್ಪಣ್ಣ. ಎರಡೂ ಕೊಂಬೆಕೊಂಬೆಯಾಗಿ ಬೆಳೆಯುವ ಒಂದೇ ಜಾತಿಯ ಹವಳ. ನೋಡಿದವರಿಗೆ ಗಿಡ ಅನ್ನಿಸುತ್ತದೆ, ಮುಟ್ಟಿದವರಿಗೆ ಕಲ್ಲು. ಆದರೆ ಜೀವ ಪ್ರಾಣಿಯದು. ಕೊಂಬೆಯ ತುಂಬ ಸಾಸಿವೆ ಗಾತ್ರದ ಸಾವಿರಾರು ಬಾಯಿಗಳು. ನಾನು ಶಾಲೆಗೆ ಹೋಗುತ್ತಿದ್ದಾಗ ದೊಡ್ಡಮ್ಮ ಬೆರಳುದ್ದ ಇದ್ದಳು. ಈ ವರ್ಷದ ಹೊತ್ತಿಗೆ ಎರಡು ಕೈಯಲ್ಲಿ ತಬ್ಬಿದರೂ ಮಿಗುತ್ತಿದ್ದಳು.

ಅಲ್ಲಿಯವರೆಗೆ ಹವಳಮನೆಯಲ್ಲಿ ಹವಳ ಹೆಚ್ಚಿದ್ದೆಲ್ಲ ಗುಲಾಬಿ ಕಡ್ಡಿ ನೆಟ್ಟ ಹಾಗೆ. ಒಂದು ಕೊಂಬೆ ಮುರಿದು ಕಲ್ಲುಬಿಲ್ಲೆಗೆ ಅಂಟಿಸಿದರೆ ಅದೇ ಬೇರೂರಿ ಬೆಳೆಯುತ್ತದೆ. ಆದರೆ ಹಾಗೆ ಬೆಳೆದದ್ದು ಮಗಳಲ್ಲ, ತಾಯಿಯೇ ಮತ್ತೊಮ್ಮೆ. ಒಂದಕ್ಕೆ ತಗಲಿದ ಜಾಡ್ಯ ಎಲ್ಲಕ್ಕೂ ತಗಲುತ್ತದೆ. ಮಕ್ಕಳು ಬೇಕೆಂದರೆ ಮೊಟ್ಟೆ ಬೇಕು. ಒಂದೇ ಮೈಯಲ್ಲಿ ಗಂಡೂ ಹೆಣ್ಣೂ ಇದ್ದರೂ ಒಬ್ಬಳ ಮೊಟ್ಟೆ ಅವಳಿಂದಲೇ ಕಟ್ಟುವುದಿಲ್ಲ. ದೊಡ್ಡಮ್ಮ, ಚಿಕ್ಕಮ್ಮ ಇಬ್ಬರೂ ಒಂದೇ ರಾತ್ರಿ ಬಿಡಬೇಕು.

ಈ ಸಲ ಹುಣ್ಣಿಮೆಗೆ ಮುಂಚೆ ಅತ್ತೆ ಇಬ್ಬರಿಂದಲೂ ಒಂದೊಂದು ಕೊಂಬೆ ಮುರಿದು ನೋಡಿದಳು. ಮುರಿದಲ್ಲಿ ಗುಲಾಬಿ ಬಣ್ಣದ ಕಾಳುಗಳು. ಗುಲಾಬಿ ಅಂದರೆ ಬಲಿತಿವೆ ಎಂದರ್ಥ. ಅತ್ತೆ ಹೊರಗೆ ಹೋಗಿ, ಸೈಕಲ್ ಅಂಗಡಿಯ ಬೆಂಚಿನ ಮೇಲೆ ಸುಮ್ಮನೆ ಕೂತು ಬಂದಳು. ಅವಳು ಸಂತೋಷಪಡುವ ರೀತಿಯೇ ಅದು.

ಹುಣ್ಣಿಮೆ ಬಂತು, ಹೋಯಿತು. ಹುಣ್ಣಿಮೆ ಕಳೆದ ಮೇಲೆ ಚಂದ್ರ ದಿನದಿಂದ ದಿನಕ್ಕೆ ತಡವಾಗಿ ಹುಟ್ಟುತ್ತಾನಲ್ಲ, ಸೂರ್ಯ ಮುಳುಗಿ ಚಂದ್ರ ಬರುವ ನಡುವೆ ಒಂದಿಷ್ಟು ಗಾಢ ಕತ್ತಲೆ ಉಳಿಯುತ್ತದೆ. ಆ ಕತ್ತಲೆಯೇ ಹವಳಕ್ಕೆ ಸೂಚನೆ. ನಾವು ಅದನ್ನು ಕೊಟ್ಟೆವು. ಒಂದು ರಾತ್ರಿ ಏನೂ ಆಗಲಿಲ್ಲ. ಮರುರಾತ್ರಿಯೂ ಇಲ್ಲ. ಆಮೇಲೆಯೂ ಇಲ್ಲ. ಅಷ್ಟರಲ್ಲಿ ದೊಡ್ಡಮ್ಮನ ಬುಡದಲ್ಲಿ, ಗೋಡೆಯ ಕಡೆಗೆ, ಒಂದು ಬಿಳಿ ಅಂಚು ಕಾಣಿಸಿತು.

ಬಿಳಿ ಅಂದರೆ ಸಾವು. ಮೈ ಕಳಚಿ ಒಳಗಿನ ಕಲ್ಲು ಕಾಣಿಸುವುದು. ಮೊದಲ ದಿನ ಉಗುರಿನಷ್ಟಿತ್ತು. ಮರುದಿನ ನಾನು ನೋಡುವಾಗ ಕೊಂಬೆಯ ಸಂದಿಗೆ ಏರಿತ್ತು.

"ನಾಳೆ ಬೆಳಿಗ್ಗೆ ಕಡ್ಡಿ ಮಾಡ್ಬಿಡೋಣ," ಅಂದಳು ಅತ್ತೆ, ಕೈಗವಸು ಕಳಚುತ್ತ. "ಚೆನ್ನಾಗಿರೋ ಕೊಂಬೆ ಎಲ್ಲಾ ಮುರಿದು ಬೇರೆ ತೊಟ್ಟಿಗೆ ಹಾಕೋಣ."

"ಕಡ್ಡಿ ಮಾಡಿದ್ರೆ ಮೊಟ್ಟೆ ಹೋಗುತ್ತಲ್ಲ ಅತ್ತೆ! ಅಷ್ಟಷ್ಟು ತುಂಡಿಗೆ ಮೊಟ್ಟೆ ಹೊರೋ ಶಕ್ತಿ ಎಲ್ಲಿರುತ್ತೆ? ಇನ್ನೆಷ್ಟು ವರ್ಷ ಕಾಯ್ಬೇಕು?"

"ಜೀವ ಇದ್ರೆ ತಾನೇ ವರ್ಷ?"

"ಇನ್ನೊಂದೆರಡು ರಾತ್ರಿ. ನಿನ್ನ ದಮ್ಮಯ್ಯ."

ಅತ್ತೆ ಹುಬ್ಬೇರಿಸಿದಳು. ಮನೆಯಲ್ಲಿ ಅವಳಿಗೆ 'ನೀನು' ಅನ್ನುವ ನಾನು ಹವಳಮನೆಯ ಹೊಸ್ತಿಲು ದಾಟಿದೊಡನೆ 'ನೀವು' ಅನ್ನಬೇಕು. ಅವಳೇ ಮಾಡಿದ ಕಾನೂನು.

"ನಿಮ್ಮ ದಮ್ಮಯ್ಯ," ಎಂದು ತಿದ್ದಿದೆ.

ಉಪ್ಪಣ್ಣ ಬಕೆಟ್ಟಿನ ಹಿಂದಿನಿಂದ, "ದಮ್ಮಯ್ಯಕ್ಕೂ ಬಹುವಚನ ಬಂತು, ಇನ್ನು ಇಲ್ಲ ಅನ್ನೋಕಾಗಲ್ಲ ಬಿಡಿ ಅಕ್ಕ" ಅಂದ.

ಅತ್ತೆ ನಗಲಿಲ್ಲ. "ನಾಳೆ ಒಂದು ರಾತ್ರಿ ನೋಡ್ತೀನಿ. ಆಗಲಿಲ್ಲ ಅಂದ್ರೆ ನಾಡಿದ್ದು ಕಟರ್ ನಿನ್ನ ಕೈಲೇ ಕೊಡ್ತೀನಿ."

ಮನೆಗೆ ಬಂದರೆ ಕಾಲು ನಿಂತಲ್ಲಿ ನಿಲ್ಲಲಿಲ್ಲ. ಒಲೆಯ ಮೇಲೆ ಹಾಲಿಟ್ಟು ಬಾಲ್ಕನಿಗೆ ಹೋದೆ. ಉಕ್ಕಿದ ವಾಸನೆ ಬಂದು ಒಳಗೋಡಿದೆ. ಬಟ್ಟೆ ಮಡಿಸಲು ಕೂತು, ಮಡಿಸಿದ್ದನ್ನೇ ಬಿಚ್ಚಿ ಮತ್ತೆ ಮಡಿಸಿದೆ.

"ಹಡೆಯೋಳಿಗಿಂತ ಕಾಯೋಳಿಗೇ ನೋವು ಜಾಸ್ತಿ ಇದ್ದ ಹಾಗಿದೆ," ಅಂದಳು ಅಜ್ಜಿ. "ಬಾ, ಕೂತ್ಕೋ. ಬುಟ್ಟಿ ಕಥೆ ಹೇಳ್ತೀನಿ."

ಬುಟ್ಟಿಯ ಕಥೆ ನನಗೆ ಬಾಯಿಪಾಠ. ಹೊಳೆಯ ಮುದುಕಿ ಒಬ್ಬ ಹುಡುಗಿಗೆ ಮುಚ್ಚಿದ ಬುಟ್ಟಿ ಕೊಟ್ಟು, ಏಳು ನೀರು ದಾಟುವ ತನಕ ತೆರೆಯಬೇಡ ಅನ್ನುತ್ತಾಳೆ. ಹುಡುಗಿ ತೆರೆಯುತ್ತಾಳೆ. ಅಜ್ಜಿ ಹೇಳುವಾಗ ಒಮ್ಮೆ ಮೂರನೇ ನೀರಿಗೆ, ಒಮ್ಮೆ ಐದನೇದಕ್ಕೆ. ಬುಟ್ಟಿಯೊಳಗೆ ಇದ್ದದ್ದೂ ಬೇರೆ ಬೇರೆ: ಹಕ್ಕಿ, ಹಾಡು, ಒಂದು ಸಲ ಆ ಹುಡುಗಿಯದೇ ಮದುವೆ.

"ಅಜ್ಜಿ, ನಿನ್ನ ಕಥೇಲಿ ಒಬ್ಬಳಾದ್ರೂ ತೆರೀದೆ ಹೋಗಿದ್ದಾಳಾ?"

"ಹೋಗಿರ್ತಾರಮ್ಮ ಎಷ್ಟೋ ಜನ. ಅವರದ್ದು ಕಥೆ ಆಗಲ್ಲ. ಸುಖವಾಗಿ ಊಟ ಮಾಡಿ ಮಲಗ್ತಾರೆ." ಅಜ್ಜಿ ನನ್ನ ಮೊಣಕಾಲ ಮೇಲೆ ಕೈಯಿಟ್ಟಳು. ಮೊಣಕಾಲು ಕುಣಿಯುತ್ತಿತ್ತು, ಅವಳ ಕೈಯೂ ಅದರ ಜೊತೆ ಕುಣಿಯಿತು. "ನಿನ್ನ ಕಾಲಲ್ಲಿ ಯಾರೋ ಹೊಲಿಗೆ ಮೆಷಿನ್ ತುಳೀತಿದ್ದಾರೆ ನೋಡು."

ಮರುದಿನ ಹವಳಮನೆಯ ಸೂರ್ಯ ಮುಳುಗಿದ ಮೇಲೆ ನಾನು ಹಣೆಗೆ ಕೆಂಪು ಟಾರ್ಚ್ ಕಟ್ಟಿಕೊಂಡು ಒಳಹೋದೆ. ಕೆಂಪು ಬೆಳಕು ಹವಳದ ಕಣ್ಣಿಗೆ ಬೀಳುವುದಿಲ್ಲ. ಇಲ್ಲಿ ರಾತ್ರಿ ಯಾರು ಒಳಗೆ ಕಾಲಿಟ್ಟರೂ ಅದನ್ನು ಕಟ್ಟಿಕೊಂಡೇ ಇಡುವುದು. ಮೊಟ್ಟೆ ಬಿಡುವ ಸ್ವಲ್ಪ ಮುಂಚೆ ಪ್ರತಿ ಬಾಯಿಯಲ್ಲೂ ಒಂದೊಂದು ಗುಲಾಬಿ ಉಂಡೆ ಬಂದು ಕೂರುತ್ತದಂತೆ. ಕಂಡದ್ದು ಬರಿಯ ಬಾಯಿ. ಹೊರಬಂದೆ. ಲೋಟಕ್ಕೆ ನೀರು ಬಗ್ಗಿಸಿದೆ, ಕುಡಿಯಲಿಲ್ಲ. ಮತ್ತೆ ಒಳಹೋದೆ. ಬರಿಯ ಬಾಯಿ. ಬಿಳಿ ಅಂಚು ಇನ್ನೊಂದು ಸಂದಿ ಹತ್ತಿತ್ತು. ಹೊರಬಂದೆ. ಉಪ್ಪಣ್ಣ ಕಲಸಿಟ್ಟ ನೀರಿನ ಉಪ್ಪು ಅಳೆದೆ, ಅವನು ಆಗಲೇ ಅಳೆದಿದ್ದರೂ. ಮತ್ತೆ ಪರದೆಗೆ ಕೈಹಾಕುವಾಗ ಅತ್ತೆ ಹಿಂದೆ ನಿಂತಿದ್ದಳು.

"ಎಷ್ಟು ಸಲ ಹೋದೆ?"

"ಒಂದೆರಡು..."

"ಪರದೆ ಬಾಯಿಬಿಟ್ಟು ಹೇಳ್ತಿದೆ ಕಣೇ. ಅದರ ಬಳೆ ಸವೆದುಹೋಗಿದೆ. ನೀನು ಹೋದಾಗೆಲ್ಲ ಹೊರಗಿನ ಬೆಳಕು ಒಂದು ಚಿಟಿಕೆ ಒಳಗೆ ಹೋಗುತ್ತೆ. ಚಿಟಿಕೆ ಚಿಟಿಕೆ ಸೇರಿ ಹಿಡಿ ಆಗುತ್ತೆ." ಅವಳು ಕೈ ಚಾಚಿದಳು. "ಕೊಡು ಟಾರ್ಚು."

"ಅತ್ತೆ, ಇವತ್ತೊಂದೇ..."

"ಕೊಡು. ಒಳಗೇ ಇರ್ಬೇಕು ಅನ್ಸಿದ್ರೆ ಇರು. ಸ್ಟೂಲ್ ಮೇಲೆ ಕೂತ್ಕೋ, ಕುರುಡಿ ಹಾಗೆ. ನಾನು ಬಂದು ಕರೆಯೋವರೆಗೂ ಏಳ್ಬಾರ್ದು. ನೋಡಿ ನೋಡಿ ಅದನ್ನ ನೀನೇ ಕೊಲ್ತೀಯ."

ಕೊನೆಯ ಮಾತು ಹೇಳಬಾರದಿತ್ತು ಅಂತ ಅವಳಿಗೂ ಅನ್ನಿಸಿರಬೇಕು. ಟಾರ್ಚ್ ಕಿಸೆಗೆ ಹಾಕಿಕೊಂಡು ಮುಖ ತಿರುಗಿಸಿದಳು. ನಾನು ಒಳಹೋಗಿ ಕೂತೆ. ಸಿಟ್ಟಿನಿಂದ ಕೂತೆ, ನಿಜ ಹೇಳಬೇಕೆಂದರೆ.

ಟಾರ್ಚ್ ಇಲ್ಲದೆ ಆ ಕೋಣೆಯಲ್ಲಿ ನಾನು ಯಾವತ್ತೂ ಕೂತಿರಲಿಲ್ಲ. ಯಾರೂ ಕೂತಿರಲಿಲ್ಲ. ಕತ್ತಲೆಯಲ್ಲಿ ಕೋಣೆ ದೊಡ್ಡದಾಯಿತು. ಪಂಪಿನ ಗುಯ್ ಗುಯ್, ನೀರು ಮೇಲಿನ ತೊಟ್ಟಿಯಿಂದ ಕೆಳಗಿನದಕ್ಕೆ ಬೀಳುವ ಸದ್ದು, ಸ್ಟೂಲಿನ ಕಿರ್ ಕಿರ್. ಆ ಕಿರ್ ಕಿರ್ ನನ್ನ ಕಾಲು ಮಾಡುತ್ತಿರುವುದು ಎಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಎರಡು ಕೈಯಲ್ಲಿ ಮೊಣಕಾಲು ಒತ್ತಿ ಹಿಡಿದೆ. ಬಿಳಿ ಅಂಚು ಏರುತ್ತಿರುವುದು ಕೇಳಿಸುತ್ತದೇನೋ ಎಂಬಂತೆ ಕಿವಿಗೊಟ್ಟೆ. ಹೊಳೆಯ ಮುದುಕಿ, ಬುಟ್ಟಿ, ಮೂರನೇ ನೀರು. ಆ ಹುಡುಗಿ ಬುಟ್ಟಿ ತೆರೆಯದೆ ಕೈಯಲ್ಲೇ ಹಿಡಿದು ಕೂತಿದ್ದರೆ ಏನು ಮಾಡುತ್ತಿದ್ದಳು? ತನ್ನ ಕೈಯನ್ನೇ ನೋಡುತ್ತಿದ್ದಳೇನೋ.

ನಾನೂ ಕೈ ನೋಡಿಕೊಂಡೆ. ಮೊಣಕಾಲ ಮೇಲೆ ಎರಡು ಕೈ, ಹತ್ತು ಬೆರಳು, ಮಸಕಾಗಿ, ಅಂಚು ಮಾತ್ರ.

ಕೈ ಕಂಡಿತು.

ಕಾಣಬಾರದಿತ್ತು. ಚಂದ್ರ ಹುಟ್ಟಲು ಇನ್ನೂ ಬಹಳ ಹೊತ್ತಿತ್ತು. ಬೆನ್ನ ಹಿಂದಿನ ಪರದೆ ನೋಡಿದೆ, ಮಸಿಯಂತಿತ್ತು. ಮುಂದೆ ನೋಡಿದೆ. ದೊಡ್ಡಮ್ಮನ ಕೊಂಬೆಗಳ ತುದಿ ಒಂದೊಂದೂ ನೀಲಿ ಹೊಗೆಯಲ್ಲಿ ಬರೆದ ಹಾಗೆ ತೋರುತ್ತಿತ್ತು. ಅವಳಾಚೆ ಚಿಕ್ಕಮ್ಮನೂ ಕೂಡ. ಅತ್ತೆಯ ಮಾತು ಮರೆತು ಎದ್ದೆ. ತೊಟ್ಟಿ ತಡಕುತ್ತ ಗೋಡೆಯ ಕಡೆ ಹೋದೆ. ಗಾಜಿಗೆ ಅಂಟಿದ ಹೊಸ ಪಂಪಿನ ತಲೆಯ ಮೇಲೆ ಒಂದು ನೀಲಿ ದೀಪ. ಜೀರಿಗೆ ಕಾಳಿನಷ್ಟು. ಪಂಪು ಓಡುತ್ತಿದೆ ಎಂದು ತೋರಿಸುವ ದೀಪ. ಅದರ ಬೆಳಕು ಎದುರಿನ ಗಾಜಿಗೆ ಬಡಿದು ಇಡೀ ತೊಟ್ಟಿಯಲ್ಲಿ ಹರಡಿತ್ತು.

ಹಳೆಯ ಪಂಪು ಗುರುಗುಟ್ಟುತ್ತದೆ ಎಂದು ಹುಣ್ಣಿಮೆಯ ಮುನ್ನಾದಿನ ಬದಲಿಸಿದ್ದೆವು. ಬದಲಿಸಿದ್ದು ತೊಟ್ಟಿಯ ಹಗಲಿನಲ್ಲಿ. ಅಷ್ಟು ದೀಪಗಳ ನಡುವೆ ಅದು ಯಾರ ಕಣ್ಣಿಗೆ ಬಿದ್ದೀತು? ರಾತ್ರಿ ಬಂದವರೆಲ್ಲ ಹಣೆಗೆ ಕೆಂಪು ಕಟ್ಟಿಕೊಂಡು ಬಂದೆವು. ಕೆಂಪಿನ ಮುಂದೆ ಈ ಚೂರು ನೀಲಿ ಕಾಣಿಸಲಿಲ್ಲ. ಹವಳಕ್ಕೆ ಕಂಡಿತು. ಅವರ ಪಾಲಿಗೆ ಚಂದ್ರ ಮುಳುಗಿರಲೇ ಇಲ್ಲ. ದಿನವೂ ಹುಣ್ಣಿಮೆ. ಇನ್ನೂ ಹೊತ್ತಾಗಿಲ್ಲ, ಇನ್ನೂ ಹೊತ್ತಾಗಿಲ್ಲ ಎಂದು ಮೊಟ್ಟೆ ಹಿಡಿದುಕೊಂಡು ಕಾಯುತ್ತಲೇ ಇದ್ದರು.

ಆ ದೀಪದ ಮೇಲೆ ಹೆಬ್ಬೆರಳು ಒತ್ತಿದೆ. ಕತ್ತಲೆ ಬಂತು. ಎತ್ತಿದೆ, ಕೊಂಬೆಗಳು ಬಂದವು. ಮತ್ತೆ ಒತ್ತಿದೆ.

"ಅತ್ತೇ!" ಕೂಗಿದೆ. "ಟೇಪ್ ತಗೊಂಡು ಬಾ! ಕಪ್ಪು ಟೇಪ್! ನಾನು ಕೈ ಬಿಡೋ ಹಾಗಿಲ್ಲ!"

"ಏನೇ, ಏನಾಯ್ತೇ? ಕರೆಂಟ್ ಹೊಡೀತಾ?"

"ಇಲ್ಲ! ಬಾ ನೀನು!"

'ನೀನು' ಅಂದದ್ದನ್ನು ಅವಳೂ ಕೇಳಿಸಿಕೊಳ್ಳಲಿಲ್ಲ, ನಾನೂ.

ಉಪ್ಪಣ್ಣ ಮೂರು ಪದರ ಟೇಪ್ ಸುತ್ತಿದ. ಸುತ್ತುವಾಗ ಅವನ ಬಾಯಿ ನಿಲ್ಲಲಿಲ್ಲ. "ಅಂಗಡಿಯವನು ಲೈಟ್ ಬೇರೆ ಫ್ರೀ ಅಂತ ಹಲ್ಲು ಕಿಸಿದ. ನಾನೂ ಹಲ್ಲು ಕಿಸಿದೆ. ಇಬ್ಬರಿಗೂ ಹಲ್ಲು ಮಾತ್ರ ಇತ್ತು, ತಲೆ ಇರ್ಲಿಲ್ಲ."

"ಬಿಡಪ್ಪ," ಅಂದಳು ಅತ್ತೆ. "ದಿನಾ ಇದರ ಮುಂದೇನೇ ನಿಂತಿದ್ದೆ ನಾನೂ." ಅವಳು ಸ್ಟೂಲಿನ ಮೇಲೆ ಕೂತಳು. ಟಾರ್ಚನ್ನು ಕಿಸೆಯಿಂದ ತೆಗೆಯಲಿಲ್ಲ. "ಇನ್ನು ಎರಡು ಮೂರು ರಾತ್ರಿ ಪೂರ್ತಿ ಕತ್ತಲೆ ಸಿಕ್ಕಿದ್ರೆ ಬಿಡ್ತಾವೋ ಏನೋ. ಆದ್ರೆ ಬಿಳಿ ಅಲ್ಲಿವರೆಗೂ ಕಾಯಲ್ಲ."

ಆಗ ನನ್ನ ಬಾಯಿಂದಲೇ ಬಂತು: "ಬಿಳಿ ಇರೋ ಕಡೆಯಷ್ಟೇ ಕತ್ತರಿಸಿ ತೆಗೆದ್ರೆ? ಜೊತೆಗೆ ಎರಡು ಬೆರಳಷ್ಟು ಚೆನ್ನಾಗಿರೋದನ್ನೂ ಸೇರಿಸಿ. ಉಳಿದ ಅರ್ಧ ಹಾಗೇ ಇರ್ಲಿ."

"ನಿನ್ನೆ ಕಟರ್ ಅಂದ್ರೆ ಅಳ್ತಿದ್ದೋಳು."

"ನಿನ್ನೆ ಕಾರಣ ಗೊತ್ತಿರ್ಲಿಲ್ಲ."

"ಕತ್ತರಿಸಿದ ನೋವಿಗೇ ಉಳಿದರ್ಧಾನೂ ಮೊಟ್ಟೆ ಕಳ್ಕೊಂಡ್ರೆ? ಅತ್ಲಾಗೆ ಕಡ್ಡೀನೂ ಇಲ್ಲ, ಇತ್ಲಾಗೆ ಮರೀನೂ ಇಲ್ಲ."

"ಆಗಬಹುದು," ಅಂದೆ. "ಆದ್ರೆ ಆಗ್ಲಿ." ಅತ್ತೆ ಎದ್ದು ಗರಗಸದ ಹಲಗೆ ತೊಳೆಯಲು ಹೋದಳು.

ಆ ಸಂಜೆ ಅಜ್ಜಿಗೆ ನೀಲಿ ದೀಪದ ಸಂಗತಿ ಹೇಳಿದೆ. ಅವಳು ಕಣ್ಣು ಮುಚ್ಚಿ ತಲೆಯಾಡಿಸಿದಳು. "ಇದು ಹಳೇ ಕಥೆ. ಒಂದೂರಲ್ಲಿ ಒಬ್ಬಳು ಬಸುರಿ. ನೋವು ಶುರುವಾಯ್ತು. ಚಂದ್ರ ಬಂದು ಕಿಟಕೀಲಿ ಕೂತ, ಕುತೂಹಲ ಅವನಿಗೆ. ಇವಳಿಗೆ ನಾಚಿಕೆ. ಮಗು ಬರಲೇ ಇಲ್ಲ. ಕೊನೆಗೆ ಸೂಲಗಿತ್ತಿ ಕಂಬಳಿ ತಗೊಂಡು ಕಿಟಕಿಗೆ ಹೊದಿಸಿದ್ಳು. 'ಹೋಗೋ ಮೂರು ಬಿಟ್ಟೋನೇ' ಅಂದ್ಳು."

"ಅಜ್ಜೀ, ಇದನ್ನ ನೀನು ಈಗ ಕಟ್ಟಿದ್ದು."

"ಹಳೇದು ಅಂದ್ನಲ್ಲ."

"ಹಳೇದಾಗಿದ್ರೆ ನಿನ್ನೇನೇ ಯಾಕೆ ಹೇಳ್ಲಿಲ್ಲ?"

"ನಿನ್ನೆ ನೀನು ಕೇಳ್ದೆಯಾ?" ಎಂದು ಗದರಿ, ಮಗ್ಗುಲಾದಳು. ಬೆನ್ನು ತಿರುಗಿಸಿಕೊಂಡೇ ಕೇಳಿದಳು: "ಕತ್ತರಿಸೋದು ಯಾರು?"

"ನಾನೇ."

"ಉಗುರು ತೆಗ್ದು ಹೋಗು" ಅಂದಳು.

ಬೆಳಿಗ್ಗೆ, ತೊಟ್ಟಿಯ ನಡುಹಗಲಿನಲ್ಲಿ, ದೊಡ್ಡಮ್ಮನನ್ನು ನೀರಿನಿಂದ ಎತ್ತಿ ಗರಗಸದ ಹಲಗೆಯ ಮೇಲಿಟ್ಟೆವು. ಅತ್ತೆ ಹಿಡಿದುಕೊಂಡಳು, ಉಪ್ಪಣ್ಣ ಉಪ್ಪುನೀರು ಹೊಯ್ಯುತ್ತ ನಿಂತ. ನಾನು ಎಳೆದ ಗರಗಸದ ಹಲ್ಲು ತಗುಲಿದ ಕೂಡಲೇ ದೊಡ್ಡಮ್ಮನ ಮೈಯಿಂದ ಲೋಳೆ ಸುರಿಯತೊಡಗಿತು, ಗಂಜಿಯಂತೆ ಎಳೆಎಳೆಯಾಗಿ. ಸಮುದ್ರದ ಕಡು ವಾಸನೆ ಗಂಟಲಿಗೆ ಹತ್ತಿತು. ಗರಗಸ ಗೆರೆ ಬಿಟ್ಟು ಒಂದು ಒಳ್ಳೆಯ ಕೊಂಬೆಗೆ ತಾಗಿ, ಅದು ಟಕ್ಕೆಂದು ಮುರಿದು ಬಿತ್ತು. ಮುರಿದಲ್ಲಿ ಗುಲಾಬಿ ಕಾಳುಗಳು, ಒತ್ತೊತ್ತಾಗಿ.

"ನೋಡ್ಬೇಡ," ಅಂದಳು ಅತ್ತೆ. "ಮುಂದೆ ಹೋಗು."

ಬಿಳಿಯ ಭಾಗ ಬೇರೆಯಾಯಿತು. ಗಾಯಕ್ಕೆ ಅಂಟು ಮೆತ್ತಿ ಅವಳನ್ನು ನೀರಿಗಿಳಿಸಿದೆವು. ಅರ್ಧ ದೊಡ್ಡಮ್ಮ, ಒಂದು ಕಡೆ ವಾಲಿಕೊಂಡು.

ಆ ರಾತ್ರಿ ಏನೂ ಆಗಲಿಲ್ಲ. ಮರುದಿನವೂ ನಾನು ಸ್ಟೂಲಿನ ಮೇಲೆ ಕೂತೆ. ಅತ್ತೆ ಟಾರ್ಚ್ ವಾಪಸು ಕೊಡಲು ಬಂದಳು, ನಾನೇ ತೆಗೆದುಕೊಳ್ಳಲಿಲ್ಲ. ಈಗ ಕತ್ತಲೆ ನಿಜವಾಗಿ ಕತ್ತಲೆ. ಕಣ್ಣು ಬಿಟ್ಟರೂ ಮುಚ್ಚಿದರೂ ಒಂದೇ. ಕಾಲು ಕುಣಿಯುತ್ತಿತ್ತು, ಕುಣಿಯಲಿ ಎಂದು ಬಿಟ್ಟೆ. ಕತ್ತರಿಸಿದ್ದು ತಪ್ಪೇನೋ, ಟೇಪ್ ಸಡಿಲವಾಗಿದೆಯೇನೋ, ಎದ್ದು ಮುಟ್ಟಿ ನೋಡಲೇ, ಬೇಡವೇ. ಎದ್ದೆ, ಕೂತೆ, ಎದ್ದೆ.

ಆಗ ಮೂಗಿಗೆ ಏನೋ ಬಡಿಯಿತು. ಗರಗಸದ ದಿನದ ವಾಸನೆಯಲ್ಲ. ಬೇರೆಯದು, ಆಗತಾನೇ ಅರೆದ ಎಣ್ಣೆಕಾಳಿನ ಹಾಗೆ, ಮೀನಿನ ಹಾಗೆ, ಎರಡೂ ಅಲ್ಲದ ಹಾಗೆ.

ಪರದೆಯ ಹತ್ತಿರ ಹೋಗಿ ಮೆಲ್ಲಗೆ ಕರೆದೆ. ಅತ್ತೆ ಕೆಂಪು ಟಾರ್ಚ್ ಹಿಡಿದು ಬಂದಳು. ಬಂದವಳು ತೊಟ್ಟಿಯ ಮುಂದೆ ಹಾಗೇ ನಿಂತುಬಿಟ್ಟಳು.

ಚಿಕ್ಕಮ್ಮನ ಮೈಯಿಂದ ಉಂಡೆಗಳು ಕಳಚಿ ಮೇಲೇರುತ್ತಿದ್ದವು. ದೊಡ್ಡಮ್ಮನ ಅರ್ಧ ಮೈಯಿಂದಲೂ, ಒಂದು, ಮತ್ತೊಂದು, ಆಮೇಲೆ ಎಣಿಸಲಾಗದಷ್ಟು. ಬೀಳುವುದನ್ನು ಮಾತ್ರ ನೋಡಿದ ಕಣ್ಣಿಗೆ ಅದು ಮಳೆ ತಲೆಕೆಳಗಾದ ಹಾಗೆ. ಕತ್ತರಿಸಿದ ಅಂಚಿನ ಪಕ್ಕದ ಕೊಂಬೆಗಳು ಮಾತ್ರ ಏನೂ ಬಿಡಲಿಲ್ಲ.

"ಪಂಪ್ ಆರ್ಸು!" ಅತ್ತೆ ಒಮ್ಮೆಲೇ ಎಚ್ಚೆತ್ತಳು. "ಉಪ್ಪಣ್ಣ, ಬೋಗುಣಿ! ಬಾಯಿ ತೆರ್ಕೊಂಡು ನಿಲ್ಬೇಡ್ವೋ!"

"ನೀವು ಮುಚ್ಚಿ, ನಾನೂ ಮುಚ್ತೀನಿ," ಅಂದ ಉಪ್ಪಣ್ಣ. ಧ್ವನಿ ಒಡೆದಿತ್ತು.

ಮೇಲೆ ತೇಲಿದ್ದನ್ನು ಲೋಟದಲ್ಲಿ ಬಾಚಿ, ಇಬ್ಬರದನ್ನೂ ಬೋಗುಣಿಯಲ್ಲಿ ಸೇರಿಸಿ, ಮೆಲ್ಲಗೆ ಆಡಿಸಿ, ಆಮೇಲೆ ಒಳ್ಳೆಯ ನೀರಿನಲ್ಲಿ ಮತ್ತೆ ಮತ್ತೆ ತೊಳೆದೆವು. ಕೈ ಮುಂದೆ ಹೋಗುತ್ತಿತ್ತು, ಮನಸ್ಸು ಹಿಂದೆ ಉಳಿದಿತ್ತು. ಪರದೆಯಿಂದ ಹೊರಬಂದಾಗ ಹೊರಗೆ ಇನ್ನೂ ಬಿಸಿಲಿತ್ತು. ಸೈಕಲ್ ಅಂಗಡಿಯವನು ಅದೇ ಟೈರಿಗೋ ಇನ್ನೊಂದಕ್ಕೋ ಗಾಳಿ ಹೊಡೆಯುತ್ತಿದ್ದ. ಇಷ್ಟೆಲ್ಲ ಆದರೂ ಅವನಿಗೆ ಸಂಜೆಯೂ ಆಗಿರಲಿಲ್ಲ.

ದೊಡ್ಡಮ್ಮ ಆಮೇಲೆ ಬಹಳ ದಿನ ಉಳಿಯಲಿಲ್ಲ. ಬಿಳಿ ಇನ್ನೊಂದು ಕಡೆಯಿಂದ ಶುರುವಾಯಿತು. ಈ ಸಲ ಅತ್ತೆ ಕೇಳಲಿಲ್ಲ, ನಾನೂ ತಡೆಯಲಿಲ್ಲ. ಇದ್ದ ಕೊಂಬೆಗಳನ್ನೆಲ್ಲ ಕಡ್ಡಿ ಮಾಡಿ ಅಂಟಿಸಿದೆವು. ಸಾಲಾಗಿ ನಿಂತ ಪುಟ್ಟ ಪುಟ್ಟ ದೊಡ್ಡಮ್ಮಂದಿರು; ಬದುಕುತ್ತಾರೋ ಇಲ್ಲವೋ.

ಮೊಟ್ಟೆಗಳು ಕಟ್ಟಿದವು; ಮರಿಗಳು ಬೋಗುಣಿಯಲ್ಲಿವೆ. ಎಳ್ಳಿಗಿಂತ ಚಿಕ್ಕವು, ಉದ್ದುದ್ದನೆಯವು, ಸುತ್ತುತ್ತಲೇ ಇರುತ್ತವೆ. ಅವು ಒಂದು ಜಾಗ ಒಪ್ಪಿ ಕೂತರೆ ಮಾತ್ರ ಹವಳ. ಕೂರದಿದ್ದರೆ ಈಜಿ ಈಜಿ ಸವೆದುಹೋಗುತ್ತವೆ. ಕೂರಲಿ ಎಂದು, ಹಳೆಯ ತೊಟ್ಟಿಯಲ್ಲಿ ಗುಲಾಬಿ ಪಾಚಿ ಹಿಡಿದಿದ್ದ ಕಲ್ಲುಬಿಲ್ಲೆಗಳನ್ನು ಬೋಗುಣಿಯ ತಳಕ್ಕೆ ಹಾಸಿದ್ದೇವೆ. ಒಂದು ಕೆಳಗಿಳಿಯುತ್ತದೆ, ಬಿಲ್ಲೆ ಮುಟ್ಟುತ್ತದೆ, ಮುಂದೆ ಹೋಗುತ್ತದೆ. ಇನ್ನೊಂದು ಬರುತ್ತದೆ, ಅದೂ ಹಾಗೇ. ನಾನು ಬೋಗುಣಿಯ ಪಕ್ಕದಿಂದ ಏಳುತ್ತೇನೆ, ಕೂರುತ್ತೇನೆ.

ಅಜ್ಜಿ ದಿನವೂ ಬಾಗಿಲಲ್ಲೇ ಕೇಳುತ್ತಾಳೆ. "ಕೂತವಾ?"

"ಇಲ್ಲಜ್ಜಿ. ಇನ್ನೂ ಜಾಗ ನೋಡ್ತಿವೆ."

"ಎಷ್ಟು ನೋಡ್ತಾವಪ್ಪ," ಅನ್ನುತ್ತಾಳೆ. ನಾನು ಚಪ್ಪಲಿ ಬಿಡುವ ಮೊದಲೇ ಮತ್ತೆ ಕೇಳುತ್ತಾಳೆ. "ಒಂದೂ ಕೂತಿಲ್ವಾ? ಸರಿಯಾಗಿ ನೋಡ್ದೆಯಾ?"